ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಆಕಾಶ ನೋಡೋಣ



2025ರ ಫೆಬ್ರವರಿಯ ಒಂದು ಭಾನುವಾರ. ಬಲಿಪೂಜೆ ಮುಗಿದು ಕ್ರೈಸ್ತ ಶಿಕ್ಷಣ ತರಗತಿ ನಡೆಯುತ್ತಿತ್ತು. ಐದನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಣ್ಣಾ, 2032ರಲ್ಲಿ ನನಗೆ ಹದಿನೇಳು ವರ್ಷ ಆಗ್ತದೆ. ಆಗ ಆಕಾಶದಿಂದ ಕಲ್ಲು ಬಿದ್ದು ನಾವೆಲ್ಲ ಸಾಯ್ತೇವಾ?"

ತರಗತಿ ನಕ್ಕಿತು. ಅವಳು ನಗಲಿಲ್ಲ. ಅಮ್ಮನ ಮೊಬೈಲಿನಲ್ಲಿ ಬಂದ ಮೆಸೇಜನ್ನು ಓದಿದ್ದಳು. 2032ರ ಡಿಸೆಂಬರ್ 22ರಂದು, ಅಂದರೆ ಕ್ರಿಸ್ಮಸ್‌ಗೆ ಮೂರು ದಿನ ಮೊದಲು, ದೊಡ್ಡ ಕಲ್ಲೊಂದು ಭಾರತದ ಮೇಲೆ ಬೀಳಲಿದೆ, ಇದು ಪ್ರಕಟನಾ ಗ್ರಂಥದಲ್ಲಿ ಮೊದಲೇ ಹೇಳಿರುವ ನಕ್ಷತ್ರ, ಹತ್ತು ಗ್ರೂಪುಗಳಿಗೆ ಕಳುಹಿಸಿ ಎಂದು ಅದರಲ್ಲಿತ್ತು.

ಆ ಮೆಸೇಜು ನಮ್ಮ ಯುವಜನರ ಗ್ರೂಪಿಗೂ ಬಂದಿತ್ತು. ನಾನು ಅದನ್ನು ನಾಲ್ಕು ದಿನ ಮೊದಲೇ ನೋಡಿದ್ದೆ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವನು ನಾನು. ಏನೋ ಸರಿಯಿಲ್ಲ ಎಂದು ಗೊತ್ತಾಗಿತ್ತು. ಆದರೆ ಹಾಕಿದವರು ಹಿರಿಯರು, ಎದುರು ಮಾತಾಡುವುದು ಯಾಕೆ ಎಂದು ಸುಮ್ಮನಿದ್ದೆ. ನಾನು ಫಾರ್ವರ್ಡ್ ಮಾಡಲಿಲ್ಲ, ನಿಜ. ಆದರೆ ಸುಳ್ಳು ಯಾವುದು, ಸತ್ಯ ಯಾವುದು ಎಂದು ಹೇಳಲೂ ಇಲ್ಲ. ಅದೇ ವಾರ ನಮ್ಮ ವಾರ್ಡಿನ ಒಬ್ಬ ಹಿರಿಯ ಆಂಟಿ ಚರ್ಚ್ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ, "ಪುತಾ, ಮಗನಿಗೆ ದುಬೈ ಬಿಟ್ಟು ಬರ್ಲಿಕ್ಕೆ ಹೇಳ್ಬೇಕಾ?" ಎಂದು ಕೇಳಿದರು. ಆಗ ನನಗೆ ನಾಚಿಕೆಯಾಯಿತು. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

ನನ್ನ ಅಭಿಪ್ರಾಯ ಇಷ್ಟೇ. ಆಕಾಶದ ಹೆಸರಿನಲ್ಲಿ ಹೆದರಿಸುವ ಮೆಸೇಜುಗಳಿಗೆ ನಮ್ಮ ಯುವಜನರು ಕೊಡಬೇಕಾದ ಉತ್ತರ ಮೌನವೂ ಅಲ್ಲ, ಜಗಳವೂ ಅಲ್ಲ. ನಾವೇ ಆಕಾಶ ನೋಡಲು ಕಲಿಯಬೇಕು. ಅದು ನಮ್ಮ ನಂಬಿಕೆಗೆ ಹೊರಗಿನ ಕೆಲಸವೂ ಅಲ್ಲ.

ಆ ಕಲ್ಲಿನ ನಿಜ ಕಥೆ

ಮೆಸೇಜು ಪೂರ್ತಿ ಸುಳ್ಳಾಗಿರಲಿಲ್ಲ. ಅದೇ ತೊಂದರೆ. ಕಲ್ಲು ಇತ್ತು. ಅದರ ಹೆಸರು 2024 ವೈಆರ್4. 2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ಎಂಬ ದೂರದರ್ಶಕ ಅದನ್ನು ಕಂಡುಹಿಡಿಯಿತು. ಒಂದು ವಿಷಯ ಕೇಳಿ. ಅದು ಭೂಮಿಗೆ ತೀರಾ ಹತ್ತಿರ ಬಂದದ್ದು ಡಿಸೆಂಬರ್ 25ರಂದು, ಸುಮಾರು 8 ಲಕ್ಷ 29 ಸಾವಿರ ಕಿಲೋಮೀಟರ್ ದೂರದಲ್ಲಿ. ಅಂದರೆ ನಾವು ಗೋದಲಿಯ ಮುಂದೆ ಹಾಡುತ್ತಿದ್ದ ದಿನ ಅದು ಸದ್ದಿಲ್ಲದೆ ದಾಟಿ ಹೋಯಿತು. ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ದಿನ ಕಳೆದು, ಅದು ನಮ್ಮಿಂದ ದೂರ ಹೋಗುತ್ತಿದ್ದಾಗ ಸಿಕ್ಕಿಬಿತ್ತು.

ಅದರ ಅಗಲ ಸುಮಾರು 60 ಮೀಟರ್. ಒಂದು ನಗರಕ್ಕೆ ಭಾರೀ ಹಾನಿ ಮಾಡಬಲ್ಲ ಗಾತ್ರ ಅದು, ಲೋಕವನ್ನು ಮುಗಿಸುವ ಗಾತ್ರ ಅಲ್ಲ. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇಕಡಾ 1 ದಾಟಿತು. ಫೆಬ್ರವರಿ 18ಕ್ಕೆ ಶೇಕಡಾ 3.1 ಆಯಿತು. ಬೀಳಬಹುದಾದ ಉದ್ದನೆಯ ಪಟ್ಟಿಯಲ್ಲಿ ಶಾಂತ ಸಾಗರ, ದಕ್ಷಿಣ ಅಮೆರಿಕ, ಆಫ್ರಿಕ, ಅರಬ್ಬೀ ಸಮುದ್ರದ ಜೊತೆ ದಕ್ಷಿಣ ಏಷ್ಯವೂ ಇತ್ತು. ಒಂದು ವಾರದೊಳಗೆ ಆ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. 2032ರಲ್ಲಿ ಅದು ಭೂಮಿಗೆ ಬಡಿಯುವುದಿಲ್ಲ.

ಶೇಕಡಾ 3 ಇದ್ದಾಗ ಬಂದ ಮೆಸೇಜುಗಳನ್ನು ಲೆಕ್ಕ ಹಾಕಿ. ಸೊನ್ನೆಯಾದ ಮೇಲೆ ಬಂದವು ಎಷ್ಟು? ನಮ್ಮ ಗ್ರೂಪಿಗೆ ಒಂದೂ ಬರಲಿಲ್ಲ.

"ಮೊದಲು ಏರಿತು, ಆಮೇಲೆ ಇಳಿಯಿತು ಅಂದರೆ ವಿಜ್ಞಾನಿಗಳಿಗೆ ಗೊತ್ತಿಲ್ಲ ಅಂತಲ್ಲವೇ?" ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನಾನು ಅವನಿಗೆ ಹೇಳಿದ್ದು ಹೀಗೆ. ಚರ್ಚ್ ಮೈದಾನದಲ್ಲಿ ನಿನ್ನ ಅಜ್ಜಿಯ ಜಪಸರ ಕಳೆದಿದೆ ಎಂದಿಟ್ಟುಕೋ. ಮೈದಾನದ ಮೂಲೆಯಲ್ಲಿ ಬಾವಿ ಇದೆ. ಬಾವಿಗೆ ಬಿದ್ದಿರಬಹುದೇ ಎಂಬ ಭಯ. ಅರ್ಧ ಮೈದಾನ ಹುಡುಕಿದೆ, ಸಿಗಲಿಲ್ಲ. ಈಗ ಬಾವಿಗೆ ಬಿದ್ದಿರುವ ಸಾಧ್ಯತೆ ಮೊದಲಿಗಿಂತ ಹೆಚ್ಚಾಯಿತು. ಮುಕ್ಕಾಲು ಹುಡುಕಿದೆ, ಸಿಗಲಿಲ್ಲ. ಇನ್ನೂ ಹೆಚ್ಚಾಯಿತು. ಜಪಸರ ಬಾವಿಯ ಕಡೆ ಉರುಳಿತೇ? ಇಲ್ಲ. ಅದು ಬಿದ್ದಲ್ಲೇ ಇದೆ. ಹುಡುಕಬೇಕಾದ ಜಾಗ ಮಾತ್ರ ಕಡಿಮೆಯಾಗಿದೆ. ಕೊನೆಗೆ ಬಾವಿಕಟ್ಟೆಯ ಪಕ್ಕದ ಹುಲ್ಲಿನಲ್ಲಿ ಸಿಕ್ಕಿತು. ಭಯ ಒಮ್ಮೆಲೇ ಸೊನ್ನೆ.

ಕ್ಷುದ್ರಗ್ರಹದ ಲೆಕ್ಕವೂ ಹೀಗೆಯೇ. ಪ್ರತಿ ರಾತ್ರಿ ಹೊಸದಾಗಿ ಅಳೆದಂತೆ ಅದರ ದಾರಿ ಸ್ಪಷ್ಟವಾಗುತ್ತಾ ಹೋಗುತ್ತದೆ. ಭೂಮಿ ಆ ಕಿರಿದಾಗುತ್ತಿರುವ ಜಾಗದೊಳಗೆ ಇರುವಷ್ಟು ದಿನ ಅಂಕೆ ಏರುತ್ತದೆ. ಅಂಕೆ ಏರುವುದೆಂದರೆ ಕಲ್ಲು ನಮ್ಮ ಕಡೆ ತಿರುಗಿತು ಎಂದಲ್ಲ, ಹುಡುಕುವವರು ಕೆಲಸ ಮಾಡುತ್ತಿದ್ದಾರೆ ಎಂದು ಅರ್ಥ.

ರಾತ್ರಿಯಿಡೀ ಎಚ್ಚರವಿರುವವರು

ಆ ಹುಡುಕುವವರು ಏನು ಮಾಡುತ್ತಾರೆ? ಅಟ್ಲಾಸ್ ಯೋಜನೆಯ ದೂರದರ್ಶಕಗಳು ಹವಾಯಿ, ಚಿಲಿ, ದಕ್ಷಿಣ ಆಫ್ರಿಕಗಳಲ್ಲಿವೆ. ಅವುಗಳ ಕನ್ನಡಿ ಅರ್ಧ ಮೀಟರ್ ಅಷ್ಟೇ. ಆಕಾಶದ ಒಂದೇ ತುಂಡನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ಚಿತ್ರ ತೆಗೆಯುತ್ತವೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ನಾಲ್ಕೂ ಚಿತ್ರಗಳಲ್ಲಿ ಸಾಲಾಗಿ ಸರಿದಿದ್ದರೆ ಅದು ಕ್ಷುದ್ರಗ್ರಹ ಇರಬಹುದು. ಮಾಹಿತಿ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತದೆ. ಅಲ್ಲಿಂದ ಎಲ್ಲ ದೇಶಗಳ ವೀಕ್ಷಕರಿಗೆ ತಿಳಿಯುತ್ತದೆ. ಯಾರೂ ಮುಚ್ಚಿಡುವುದಿಲ್ಲ. ಹೀಗೆ ಇಲ್ಲಿಯವರೆಗೆ ಭೂಮಿಯ ಹತ್ತಿರ ಸುಳಿಯುವ ಸುಮಾರು 40 ಸಾವಿರ ಕ್ಷುದ್ರಗ್ರಹಗಳು ಪಟ್ಟಿಗೆ ಸೇರಿವೆ.

ಎಚ್ಚರವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್‌ನ ಕಲ್ಲು ಆಕಾಶದಲ್ಲೇ ಸ್ಫೋಟಿಸಿತು. ಅದು ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರೂ ಮೊದಲೇ ಕಂಡಿರಲಿಲ್ಲ. ಸುಮಾರು 1,500 ಜನರಿಗೆ ಗಾಯವಾಯಿತು, ಹೆಚ್ಚಿನವರಿಗೆ ಒಡೆದ ಗಾಜಿನಿಂದ. ಬೆಳಕು ಕಂಡು ಏನೆಂದು ನೋಡಲು ಕಿಟಕಿಯ ಬಳಿ ಬಂದಿದ್ದರು, ಸ್ವಲ್ಪ ಹೊತ್ತಿನಲ್ಲಿ ಗಾಳಿಯ ಹೊಡೆತ ಬಂತು. ಇಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ಹೋಗಿ ಎಂಬ ಒಂದು ಸಾಲಿನ ತಿಳುವಳಿಕೆ ಹತ್ತು ಭಯದ ಮೆಸೇಜುಗಳಿಗಿಂತ ಹೆಚ್ಚು ಜನರನ್ನು ಕಾಪಾಡುತ್ತದೆ.

ಮೊದಲೇ ಕಂಡರೆ ದಾರಿ ತಪ್ಪಿಸಲೂ ಸಾಧ್ಯವಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಡಿಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ಆ ಕಾಯ ತನ್ನ ಜೊತೆಗಾರ ಕ್ಷುದ್ರಗ್ರಹವನ್ನು ಸುತ್ತುವ ಸಮಯ ಸುಮಾರು ಅರ್ಧ ಗಂಟೆ ಕಡಿಮೆಯಾಯಿತು. ಆದರೆ ಇದಕ್ಕೆಲ್ಲ ಮೊದಲು ಯಾರಾದರೂ ಅದನ್ನು ಕಂಡಿರಬೇಕು.

ಗ್ಯಾಲಕ್ಸಿಗಳ ಗುರ್ಕಾರ

ಈಗ ನಾನು ತುಂಬಾ ಮೆಚ್ಚುವ ಒಬ್ಬರ ವಿಷಯ ಹೇಳುತ್ತೇನೆ. ರಾಬರ್ಟ್ ಇವಾನ್ಸ್. ಆಸ್ಟ್ರೇಲಿಯದ ಯುನೈಟಿಂಗ್ ಚರ್ಚಿನ ಸಭಾಪಾಲಕರು. ಹಗಲು ಸಭೆಯ ಕೆಲಸ, ರಾತ್ರಿ ದೂರದರ್ಶಕ. ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ಬರಿ ಕಣ್ಣನ್ನು ದೂರದರ್ಶಕಕ್ಕೆ ಇಟ್ಟು ಅವರು 42 ಸೂಪರ್‌ನೋವಾಗಳನ್ನು ಕಂಡುಹಿಡಿದರು. ಮೊದಲನೆಯದಕ್ಕೆ ಬಳಸಿದ್ದು 10 ಇಂಚಿನ ಸಾಧಾರಣ ದೂರದರ್ಶಕ, 1981ರಲ್ಲಿ.

ಸೂಪರ್‌ನೋವಾ ಎಂದರೆ ನಕ್ಷತ್ರದ ಸ್ಫೋಟ. ಸಾಯುವ ಒಂದು ನಕ್ಷತ್ರ ಕೆಲವು ವಾರಗಳ ಕಾಲ ತನ್ನ ಇಡೀ ಗ್ಯಾಲಕ್ಸಿಯ ಕೋಟ್ಯಂತರ ನಕ್ಷತ್ರಗಳ ಬೆಳಕಿಗೆ ಸಮನಾಗಿ ಹೊಳೆಯಬಹುದು. ಆದರೆ ಒಂದು ಗ್ಯಾಲಕ್ಸಿಯಲ್ಲಿ ಇದು ನೂರು ವರ್ಷಕ್ಕೆ ಒಂದೋ ಎರಡೋ ಸಲ ಆಗುವಂಥದ್ದು. ನಮ್ಮ ಕ್ಷೀರಪಥದಲ್ಲಿ ಬರಿಗಣ್ಣಿಗೆ ಕೊನೆಯ ಬಾರಿ ಕಂಡದ್ದು 1604ರಲ್ಲಿ. ಹಾಗಾದರೆ ಒಬ್ಬ ಮನುಷ್ಯ ಜೀವಮಾನದಲ್ಲಿ 42 ಕಂಡದ್ದು ಹೇಗೆ? ಸಾವಿರಾರು ಗ್ಯಾಲಕ್ಸಿಗಳನ್ನು ಮತ್ತೆ ಮತ್ತೆ ನೋಡಿ. ಯಾವ ಗ್ಯಾಲಕ್ಸಿಯ ಸುತ್ತ ಯಾವ ಚುಕ್ಕಿಗಳಿವೆ ಎಂಬುದು ಇವಾನ್ಸ್ ಅವರಿಗೆ ಬಾಯಿಪಾಠವಾಗಿತ್ತು. ಒಂದೊಂದನ್ನು ನೋಡಲು ಒಂದು ನಿಮಿಷವೂ ಬೇಕಾಗುತ್ತಿರಲಿಲ್ಲ.

ನಮ್ಮ ವಾರ್ಡಿನ ಗುರ್ಕಾರರನ್ನು ನೋಡಿ. ರಸ್ತೆಯಲ್ಲಿ ಹೋಗುತ್ತಲೇ ಯಾರ ಅಂಗಳದಲ್ಲಿ ಹೊಸ ಚಪ್ಪಲಿ ಇದೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂದು ಹೇಳಿಬಿಡುತ್ತಾರೆ. ದಿನವೂ ಆ ಅಂಗಳವನ್ನು ನೋಡುವವರಿಗೆ ಮಾತ್ರ ಹೊಸ ಚಪ್ಪಲಿ ಕಾಣುತ್ತದೆ. ಇವಾನ್ಸ್ ಅವರೂ ಗ್ಯಾಲಕ್ಸಿಗಳ ಗುರ್ಕಾರರೇ. 1983ರ ಜುಲೈಯಲ್ಲಿ ಸುಮಾರು ಒಂದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಎಂ83 ಗ್ಯಾಲಕ್ಸಿಯಲ್ಲಿ ಅವರು ಕಂಡ ಸ್ಫೋಟ, ಅದುವರೆಗೆ ಪ್ರತ್ಯೇಕವಾಗಿ ಗುರುತಿಸದ ಒಂದು ಬಗೆಯ ಸೂಪರ್‌ನೋವಾಗೆ ಮಾದರಿಯಾಯಿತು.

ಅವರ ಜೀವನದಲ್ಲಿ ನನ್ನನ್ನು ಹೆಚ್ಚು ಮುಟ್ಟಿದ ವಿಷಯ ಬೇರೆಯೇ ಇದೆ. ಏನೂ ಸಿಗದ ರಾತ್ರಿಗಳನ್ನೂ ಅವರು ಬರೆದಿಟ್ಟಿದ್ದರು. ಇಂಥ ಗ್ಯಾಲಕ್ಸಿ ನೋಡಿದೆ, ಹೊಸದೇನಿಲ್ಲ ಎಂಬಂಥ ದಾಖಲೆಗಳು. 1980ರ ದಶಕದಲ್ಲಿ ವೃತ್ತಿಪರ ಖಗೋಳಜ್ಞರು ಅವರ ಜೊತೆ ಸೇರಿ, ಆ ದಾಖಲೆಗಳಿಂದಲೇ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಎಷ್ಟು ಕಾಲಕ್ಕೊಮ್ಮೆ ಸ್ಫೋಟಿಸುತ್ತವೆ ಎಂದು ಲೆಕ್ಕ ಹಾಕಿದರು. ಎಷ್ಟು ಸಲ ನೋಡಿಯೂ ಸಿಗಲಿಲ್ಲ ಎಂದು ತಿಳಿಯದೆ ಆ ಲೆಕ್ಕ ಆಗುವುದೇ ಇಲ್ಲ. ಯಾರೂ ಚಪ್ಪಾಳೆ ತಟ್ಟದ ರಾತ್ರಿಗಳು ವ್ಯರ್ಥವಾಗಲಿಲ್ಲ. ಪ್ರಾರ್ಥನೆಯಲ್ಲಿ ಏನೂ ಅನಿಸದ ದಿನಗಳಲ್ಲಿ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ. ಇವಾನ್ಸ್ 2022ರಲ್ಲಿ ತೀರಿಕೊಂಡರು.

"ದೂರದ ನಕ್ಷತ್ರ ಸತ್ತರೆ ನಮಗೇನು?" ಎನ್ನಬೇಡಿ. ನಮ್ಮ ರಕ್ತದಲ್ಲಿರುವ ಕಬ್ಬಿಣದ ಬಹುಪಾಲು ಇಂಥ ಸ್ಫೋಟಗಳಲ್ಲೇ ತಯಾರಾದದ್ದು. ಬೂದಿ ಬುಧವಾರ ಫಾದರ್ ಹಣೆಗೆ ಬೂದಿ ಹಚ್ಚಿ ನಾವು ಮಣ್ಣಿನವರು ಎಂದು ನೆನಪಿಸುವಾಗ, ಆ ಮಣ್ಣು ಎಲ್ಲಿಂದ ಬಂತೆಂದು ನಾನು ಯೋಚಿಸುತ್ತೇನೆ. ಅದರಿಂದ ನನ್ನ ಭಕ್ತಿ ಕಡಿಮೆಯಾಗಿಲ್ಲ.

ಇದು ನಮ್ಮ ಮನೆಯ ಕೆಲಸವೇ

ಇದೆಲ್ಲ ಚರ್ಚಿನ ಕೆಲಸವೇ ಎಂದು ಕೆಲವರು ಕೇಳಬಹುದು. ಕ್ಷುದ್ರಗ್ರಹಗಳ ಚರಿತ್ರೆಯ ಮೊದಲ ಪುಟವನ್ನೇ ನೋಡಿ. 1801ರ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೊದಲ್ಲಿ ಸಿರಿಸ್ ಎಂಬ ಕಾಯವನ್ನು ಕಂಡುಹಿಡಿದವರು ಜ್ಯುಸೆಪ್ಪೆ ಪಿಯಾಜ್ಜಿ, ಥಿಯಟೈನ್ ಸಭೆಯ ಕಥೋಲಿಕ ಗುರು. ಕ್ಷುದ್ರಗ್ರಹಗಳ ಸಾಲಿನಲ್ಲಿ ಮೊದಲು ಸಿಕ್ಕಿದ್ದು ಅದೇ. ಪೋಪ್ 13ನೇ ಲಿಯೋ 1891ರಲ್ಲಿ ವ್ಯಾಟಿಕನ್ ವೀಕ್ಷಣಾಲಯವನ್ನು ಹೊಸದಾಗಿ ಸ್ಥಾಪಿಸಿದರು. ಅಮೆರಿಕದ ಅರಿಜೋನದ ಬೆಟ್ಟದ ಮೇಲೆ ಅದಕ್ಕೆ 1.8 ಮೀಟರಿನ ದೂರದರ್ಶಕವಿದೆ. 2025ರ ಸೆಪ್ಟೆಂಬರಿನಿಂದ ಅದರ ನಿರ್ದೇಶಕರು ಯಾರು ಗೊತ್ತೇ? ಭಾರತದ ಯೇಸುಸಭೆಯ ಗುರು ಫಾದರ್ ರಿಚರ್ಡ್ ಡಿಸೋಜ. ಗ್ಯಾಲಕ್ಸಿಗಳ ಬಗ್ಗೆ ಸಂಶೋಧನೆ ಮಾಡಿದವರು. ಡಿಸೋಜ ಎಂಬ ಹೆಸರು ನಮ್ಮ ಒಂದೇ ವಾರ್ಡಿನಲ್ಲಿ ಎಷ್ಟು ಮನೆಗಳಿಗಿದೆ ಎಂದು ಎಣಿಸಿ ನೋಡಿ!

ನಮ್ಮ ಪಕ್ಕದಲ್ಲೇ ಬನ್ನಿ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅವರು ಕ್ಷುದ್ರಗ್ರಹವೊಂದನ್ನು ಕಂಡುಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರು. ಲಡಾಖಿನ ಹಾನ್ಲೆಯಲ್ಲಿರುವ ಗ್ರೋತ್ ಇಂಡಿಯಾ ಎಂಬ 70 ಸೆಂಟಿಮೀಟರ್ ರೋಬೋಟ್ ದೂರದರ್ಶಕ ಇಂದು ಸೂಪರ್‌ನೋವಾ, ಕ್ಷುದ್ರಗ್ರಹ ಎರಡನ್ನೂ ಹಿಂಬಾಲಿಸುತ್ತದೆ.

ಇನ್ನು ಪ್ರಕಟನಾ ಗ್ರಂಥದ ಮಾತು. ಆಕಾಶದಿಂದ ನಕ್ಷತ್ರ ಬೀಳುವುದು 8ನೇ ಅಧ್ಯಾಯದಲ್ಲಿದೆ, ನಿಜ. ಹಿಂಸೆಗೆ ಒಳಗಾದ ಸಭೆಗೆ ಧೈರ್ಯ ತುಂಬಲು ಬರೆದ ಗ್ರಂಥ ಅದು. ಅದನ್ನು ಹತ್ತು ವರ್ಷದ ಮಗುವನ್ನು ಹೆದರಿಸಲು ಬಳಸುವುದು ಸರಿಯೇ? ಮತ್ತಾಯ 24ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ತಂದೆಯ ಹೊರತು ಯಾರೂ ಬಲ್ಲವರಲ್ಲ ಎಂದರು. ಎಚ್ಚರವಾಗಿರಿ ಎಂದೂ ಹೇಳಿದರು. ತಾರೀಕು ಹೇಳಿ ಹೆದರಿಸುವವರು ಮೊದಲನೆಯದನ್ನು ಮೀರುತ್ತಾರೆ. ನನ್ನ ಹಾಗೆ ಸುಮ್ಮನಿರುವವರು ಎರಡನೆಯದನ್ನು ಮೀರುತ್ತಾರೆ. ಪೂರ್ವದ ಜ್ಞಾನಿಗಳಿಗೆ ಹೊಸ ನಕ್ಷತ್ರ ಕಂಡದ್ದು ಅವರು ಹಳೆಯ ನಕ್ಷತ್ರಗಳನ್ನು ಬಲ್ಲವರಾಗಿದ್ದರಿಂದ ಎಂಬುದನ್ನೂ ಮರೆಯಬೇಡಿ.

ನಾವು ಏನು ಮಾಡಬಹುದು

ಬರಿ ಮಾತು ಬೇಡ. ಯುವಜನರ ಮುಂದಿನ ಸಭೆಗೆ ನಾನು ಮೂರು ವಿಷಯ ಇಡುತ್ತೇನೆ.

ಒಂದು, ನಮ್ಮ ಗ್ರೂಪಿನಲ್ಲಿ ಆಕಾಶ, ಭೂಕಂಪ, ಲೋಕಾಂತ್ಯದ ಮೆಸೇಜು ಬಂದರೆ ಒಂದು ದಿನ ಯಾರೂ ಮುಂದೆ ಕಳುಹಿಸಬಾರದು. ಅಷ್ಟರಲ್ಲಿ ಇಬ್ಬರು ಪರಿಶೀಲಿಸಿ ಕನ್ನಡದಲ್ಲೇ ಉತ್ತರ ಹಾಕಬೇಕು. ನಾಸಾ ಮತ್ತು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅಪಾಯದ ಪಟ್ಟಿಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಹಿರಿಯರು ಹಾಕಿದ್ದಾದರೆ ಅವರಿಗೆ ಗ್ರೂಪಿನಲ್ಲಿ ಅವಮಾನ ಮಾಡದೆ, ಮನೆಗೆ ಹೋಗಿ ಹೇಳೋಣ.

ಎರಡು, ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ರಾತ್ರಿ, ಅಮಾವಾಸ್ಯೆಯ ಹತ್ತಿರದ ಶನಿವಾರ, ಚರ್ಚ್ ಮೈದಾನದಲ್ಲಿ ಆಕಾಶ ನೋಡೋಣ. ಮೈಕ್ ಬೇಡ, ಬ್ಯಾನರ್ ಬೇಡ. ಒಂದು ಬೈನಾಕ್ಯುಲರ್ ಸಾಕು. ಒಂದೇ ವಿನಂತಿ ಫಾದರ್ ಮತ್ತು ಪಾಲನಾ ಮಂಡಳಿಗೆ: ಆ ಎರಡು ಗಂಟೆ ಮುಂಭಾಗದ ಫ್ಲಡ್‌ಲೈಟ್ ಆರಿಸಲು ಅನುಮತಿ ಕೊಡಿ. ಡಿಸೆಂಬರಿನಲ್ಲಿ ಪೂರ್ವಕ್ಕೆ ಕೆಂಪಗೆ ಕಾಣುವ ಆರ್ದ್ರಾ ನಕ್ಷತ್ರವನ್ನು ಮಕ್ಕಳಿಗೆ ತೋರಿಸೋಣ. ಮುಂದೊಂದು ದಿನ ಅದೂ ಸ್ಫೋಟಿಸುತ್ತದೆ. ಅದಕ್ಕೆ ಲಕ್ಷ ವರ್ಷ ಬೇಕಾಗಬಹುದು. ಆಗಲೂ ಭೂಮಿಗೆ ಅಪಾಯವಿಲ್ಲದಷ್ಟು ದೂರದಲ್ಲಿದೆ.

ಮೂರು, ಲ್ಯಾಪ್‌ಟಾಪ್ ಇರುವವರು ಅಂತರರಾಷ್ಟ್ರೀಯ ಕ್ಷುದ್ರಗ್ರಹ ಹುಡುಕಾಟದಲ್ಲಿ ಸೇರಿ. ಐಎಎಸ್‌ಸಿ ಎಂಬ ಸಂಸ್ಥೆ ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ವಿದ್ಯಾರ್ಥಿಗಳ ತಂಡಗಳಿಗೆ ಉಚಿತವಾಗಿ ಕೊಡುತ್ತದೆ. ಸರಿಯುವ ಚುಕ್ಕಿಯನ್ನು ಹುಡುಕುವುದು ನಮ್ಮ ಕೆಲಸ. ಭಾರತದ ಎಷ್ಟೋ ಶಾಲಾ ಮಕ್ಕಳು ಈಗಾಗಲೇ ಇದರಲ್ಲಿದ್ದಾರೆ.

"ಯಂತ್ರಗಳೇ ಎಲ್ಲ ಹುಡುಕುವಾಗ ನಾವೇಕೆ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಚಿಲಿಯ ಹೊಸ ರೂಬಿನ್ ವೀಕ್ಷಣಾಲಯ 2025ರಲ್ಲಿ ತನ್ನ ಮೊದಲ ಹತ್ತು ಗಂಟೆಯ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳನ್ನು ತೋರಿಸಿತು. ಆದರೂ 2016ರಲ್ಲಿ ಸೂಪರ್‌ನೋವಾ ಒಂದರ ಮೊಟ್ಟಮೊದಲ ಬೆಳಕನ್ನು ಹಿಡಿದವರು ಅರ್ಜೆಂಟೀನಾದ ವಿಕ್ಟರ್ ಬುಸೊ, ಬೀಗ ರಿಪೇರಿ ಮಾಡುವವರು. ಹೊಸ ಕ್ಯಾಮೆರಾವನ್ನು ಪರೀಕ್ಷಿಸುತ್ತಿದ್ದರು. 2023ರಲ್ಲಿ ಎಂ101 ಗ್ಯಾಲಕ್ಸಿಯ ಸೂಪರ್‌ನೋವಾವನ್ನು ಮೊದಲು ಕಂಡವರು ಜಪಾನಿನ ಹವ್ಯಾಸಿ ಕೊಇಚಿ ಇತಗಾಕಿ. 2011ರಲ್ಲಿ ಕೆನಡಾದ ಹುಡುಗಿಯೊಬ್ಬಳು ಹಳೆಯ ಮತ್ತು ಹೊಸ ಚಿತ್ರಗಳನ್ನು ಹೋಲಿಸಿ ಸೂಪರ್‌ನೋವಾ ಕಂಡುಹಿಡಿದಳು. ಅವಳ ವಯಸ್ಸು ಹತ್ತು. ನಮ್ಮ ಕ್ರೈಸ್ತ ಶಿಕ್ಷಣ ತರಗತಿಯ ಆ ಹುಡುಗಿಯಷ್ಟೇ.

ನಮಗೆ ಏನೂ ಸಿಗದಿರಬಹುದು. ಚಿಂತೆಯಿಲ್ಲ. ನೋಡಿ, ಹೋಲಿಸಿ, ಬರೆದಿಟ್ಟು, ಆಮೇಲೆ ಮಾತಾಡುವ ಅಭ್ಯಾಸ ಬಂದರೆ ಸಾಕು. ಅದು ಆಕಾಶಕ್ಕೆ ಮಾತ್ರವಲ್ಲ, ಊರಿನ ಗಾಳಿಮಾತಿಗೂ ಬೇಕು.

ಇನ್ನೊಂದು ತಾರೀಕು ಬರೆದಿಟ್ಟುಕೊಳ್ಳಿ. 2029ರ ಏಪ್ರಿಲ್ 13. ಸುಮಾರು 340 ಮೀಟರಿನ ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಭೂಮಿಯ ಕೆಲವು ಕಡೆ ಬರಿಗಣ್ಣಿಗೇ ಕಾಣಲಿದೆ. ಬಡಿಯುವುದಿಲ್ಲ. ಮುಂದಿನ ನೂರು ವರ್ಷ ಅದರಿಂದ ಅಪಾಯವಿಲ್ಲ ಎಂದು 2021ರಲ್ಲೇ ಲೆಕ್ಕ ಸಿಕ್ಕಿದೆ. ಅಂದು ಶುಕ್ರವಾರ ಬೇರೆ. ಹೆದರಿಸುವ ಮೆಸೇಜುಗಳು ಖಂಡಿತ ಬರುತ್ತವೆ. ಆಗ ನಾವು ಈ ಸಲದಂತೆ ಸುಮ್ಮನಿರಬಾರದು.

ಆ ಭಾನುವಾರ ನಾನು ಹುಡುಗಿಗೆ ಕೊಟ್ಟ ಉತ್ತರ "ಇಲ್ಲ, ಏನೂ ಆಗುವುದಿಲ್ಲ, ಕೂತುಕೋ" ಎಂದಷ್ಟೇ. ಅವಳು ಕೂತಳು, ಆದರೆ ನಂಬಿದಂತೆ ಕಾಣಲಿಲ್ಲ. ಅಂಕೆ ಸೊನ್ನೆಗೆ ಇಳಿದ ಮೇಲಿನ ಭಾನುವಾರ ಅವಳನ್ನು ಕರೆದು ಜಪಸರದ ಕಥೆ ಹೇಳಿದೆ. ಪೂರ್ತಿ ಕೇಳಿ, "ಹಾಗಾದರೆ ಹುಡುಕುವವರು ಈಗಲೂ ಹುಡುಕ್ತಾ ಇದ್ದಾರಾ ಅಣ್ಣಾ?" ಎಂದಳು. ಹೌದು ಎಂದೆ. "ನನಗೂ ತೋರಿಸ್ತೀರಾ?"

ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಆ ಮಾತು ಉಳಿಸಿಕೊಳ್ಳಲು ನಿಮ್ಮೆಲ್ಲರ ಸಹಾಯ ಬೇಕು. ಮೊದಲ ಶನಿವಾರ ಮೈದಾನದಲ್ಲಿ ಸಿಗೋಣ. ಬರುವಾಗ ಒಂದು ಚಾಪೆ ತನ್ನಿ.